ಎಂಪಾಕ್ಸ್: ಹತ್ತಿರದವರಿಗೆ ಹೇಗೆ ಹರಡುತ್ತದೆ?

ಮಕ್ಕಳೇ, ತರಗತಿಯಲ್ಲಿ ಒಬ್ಬರಿಗೆ ನೆಗಡಿಯಾದರೆ ವಾರದೊಳಗೆ ನಾಲ್ಕಾರು ಜನ ಸೀನುತ್ತಿರುತ್ತಾರೆ. ಆದರೆ ಮಲೇರಿಯಾ ಬಂದವರ ಪಕ್ಕದಲ್ಲಿ ಕುಳಿತ ಮಾತ್ರಕ್ಕೆ ಮಲೇರಿಯಾ ಬರುವುದಿಲ್ಲ. ಅದಕ್ಕೆ ಸೊಳ್ಳೆ ಬೇಕು. ಹೀಗೆ ಪ್ರತಿಯೊಂದು ಸಾಂಕ್ರಾಮಿಕ ರೋಗಕ್ಕೂ ತನ್ನದೇ ಆದ ದಾರಿ ಇದೆ. ದಾರಿ ತಿಳಿದರೆ ಅದನ್ನು ಮುಚ್ಚಬಹುದು. ತಿಳಿಯದಿದ್ದರೆ ಭಯ ಮಾತ್ರ ಉಳಿಯುತ್ತದೆ. ಎಂಪಾಕ್ಸ್ ರೋಗದ ದಾರಿ ಯಾವುದು? ನೋಡೋಣ ಬನ್ನಿ.

ಹೆಸರಿನಿಂದಾದ ತೊಂದರೆ

1958ರಲ್ಲಿ ಡೆನ್ಮಾರ್ಕ್ ದೇಶದ ಕೋಪನ್‌ಹೇಗನ್ ನಗರದ ಪ್ರಯೋಗಾಲಯದಲ್ಲಿದ್ದ ಮಂಗಗಳ ಮೈಮೇಲೆ ಗುಳ್ಳೆಗಳೆದ್ದವು. ಅದಕ್ಕೆ ಕಾರಣವಾದ ವೈರಸ್ ಅಲ್ಲಿ ಮೊದಲು ಪತ್ತೆಯಾಯಿತು. ಹಾಗಾಗಿ ರೋಗಕ್ಕೆ ಮಂಕಿಪಾಕ್ಸ್ ಎಂಬ ಹೆಸರು ಬಂತು. ಆದರೆ ಈ ವೈರಸ್ಸಿನ ಮೂಲ ನೆಲೆ ಮಂಗವಲ್ಲ. ಆಫ್ರಿಕಾದ ಕಾಡುಗಳ ಅಳಿಲು, ಇಲಿ ಮುಂತಾದ ದಂಶಕಗಳಲ್ಲಿ ಅದು ನೆಲೆಸಿರಬೇಕೆಂದು ವಿಜ್ಞಾನಿಗಳು ಭಾವಿಸುತ್ತಾರೆ. ನಮ್ಮ ಹಾಗೆಯೇ ಮಂಗಗಳಿಗೂ ಅದು ತಗಲುತ್ತದೆ, ಅಷ್ಟೆ. ಹೆಸರು ಕೇಳಿ ಹೆದರಿದ ಕೆಲವರು 2022ರಲ್ಲಿ ಬ್ರೆಜಿಲ್ ದೇಶದಲ್ಲಿ ಮಂಗಗಳನ್ನು ಹೊಡೆದರು, ವಿಷವಿಕ್ಕಿದರು. ಅದೇ ವರ್ಷ ನವೆಂಬರಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಎಂಪಾಕ್ಸ್ ಎಂಬ ಹೊಸ ಹೆಸರನ್ನು ಸೂಚಿಸಿತು.

ನಮ್ಮ ಮಲೆನಾಡಿನ ಮಂಗನ ಕಾಯಿಲೆಯೇ ಬೇರೆ, ಇದೇ ಬೇರೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆ ಉಣುಗು ಕಚ್ಚುವುದರಿಂದ ಬರುತ್ತದೆ. ಅದು ಒಬ್ಬ ಮನುಷ್ಯನಿಂದ ಇನ್ನೊಬ್ಬನಿಗೆ ಹರಡುವುದಿಲ್ಲ. ಎಂಪಾಕ್ಸ್ ಹರಡುತ್ತದೆ.

ಲಸಿಕೆಯಿಲ್ಲದ ಒಂದೇ ಮಗು

ಮನುಷ್ಯರಲ್ಲಿ ಎಂಪಾಕ್ಸ್ ಮೊದಲು ಕಂಡದ್ದು 1970ರಲ್ಲಿ, ಆಫ್ರಿಕಾದ ಕಾಂಗೋ ಪ್ರಜಾಸತ್ತಾತ್ಮಕ ಗಣರಾಜ್ಯದಲ್ಲಿ. ರೋಗಿ 9 ತಿಂಗಳ ಗಂಡು ಮಗು. ಆ ಮನೆಯಲ್ಲಿ ಸಿಡುಬಿನ ಲಸಿಕೆ ಹಾಕಿಸಿಕೊಳ್ಳದೆ ಉಳಿದಿದ್ದದ್ದು ಆ ಮಗು ಮಾತ್ರ!

ಇದರಿಂದ ಏನು ತಿಳಿಯುತ್ತದೆ? ಸಿಡುಬಿನ ವೈರಸ್ ಮತ್ತು ಎಂಪಾಕ್ಸ್ ವೈರಸ್ ಒಂದೇ ಕುಟುಂಬಕ್ಕೆ ಸೇರಿದವು. ಒಂದರ ಲಸಿಕೆ ಇನ್ನೊಂದರಿಂದಲೂ ಬಹುಮಟ್ಟಿಗೆ ಕಾಪಾಡುತ್ತದೆ. ನಿಮ್ಮ ಅಜ್ಜ ಅಜ್ಜಿಯರ ತೋಳಿನ ಮೇಲೆ ದಾಕು ಹಾಕಿದ ಗುರುತನ್ನು ನೋಡಿದ್ದೀರಾ? ಅದು ಸಿಡುಬಿನ ಲಸಿಕೆಯ ಗುರುತು. 1980ರಲ್ಲಿ ಜಗತ್ತು ಸಿಡುಬಿನಿಂದ ಮುಕ್ತವಾಯಿತೆಂದು ಘೋಷಿಸಲಾಯಿತು. ಎಲ್ಲರಿಗೂ ದಾಕು ಹಾಕುವುದು ನಿಂತಿತು. ಅನಂತರ ಹುಟ್ಟಿದವರಿಗೆ ಆ ರಕ್ಷಣೆ ಇಲ್ಲ.

ವೈರಸ್ಸಿನ ದಾರಿಗಳು

ಎಂಪಾಕ್ಸ್ ಬಂದವರಿಗೆ ಜ್ವರ, ತಲೆನೋವು, ಮೈಕೈ ನೋವು ಇರುತ್ತದೆ. ಕತ್ತು, ಕಂಕುಳು, ತೊಡೆಸಂದುಗಳಲ್ಲಿ ಗಂಟುಗಳು ಊದಿಕೊಳ್ಳುತ್ತವೆ. ಮೈಮೇಲೆ ಗುಳ್ಳೆಗಳೆದ್ದು, ಕೀವು ತುಂಬಿ, ಒಣಗಿ ಹಕ್ಕಳೆಯಾಗುತ್ತವೆ. ಗುಳ್ಳೆಯ ನೀರಿನಲ್ಲಿಯೂ ಹಕ್ಕಳೆಯಲ್ಲಿಯೂ ವೈರಸ್ ತುಂಬಿರುತ್ತದೆ. ಅದು ಎಷ್ಟು ಚಿಕ್ಕದೆಂದರೆ, ಸುಮಾರು 4000 ವೈರಸ್‌ಗಳನ್ನು ಸಾಲಾಗಿ ಇಟ್ಟರೆ ಒಂದು ಮಿಲಿಮೀಟರ್ ಆದೀತು. ಅದು ಹೀಗೆ ಹರಡುತ್ತದೆ:

1. ಗುಳ್ಳೆ ಇರುವ ಚರ್ಮ ಇನ್ನೊಬ್ಬರ ಚರ್ಮಕ್ಕೆ ತಾಗಿದಾಗ. ಇದೇ ಮುಖ್ಯ ದಾರಿ.
2. ರೋಗಿ ಬಳಸಿದ ಹಾಸಿಗೆ, ಹೊದಿಕೆ, ಟವೆಲ್, ಬಟ್ಟೆಗಳನ್ನು ಇನ್ನೊಬ್ಬರು ಬಳಸಿದಾಗ.
3. ರೋಗಿಯೊಡನೆ ಮುಖಕ್ಕೆ ಮುಖ ಹತ್ತಿರವಿಟ್ಟು ಬಹಳ ಹೊತ್ತು ಇದ್ದಾಗ.
4. ಗರ್ಭಿಣಿ ತಾಯಿಯಿಂದ ಹೊಟ್ಟೆಯಲ್ಲಿರುವ ಮಗುವಿಗೆ.
5. ರೋಗವಿರುವ ಪ್ರಾಣಿ ಕಚ್ಚಿದಾಗ, ಅಥವಾ ಅದರ ಮಾಂಸವನ್ನು ಮುಟ್ಟಿದಾಗ.

ಹತ್ತಿರವೇ ಮುಖ್ಯ

1981ರಿಂದ 1986ರವರೆಗೆ ಕಾಂಗೋದಲ್ಲಿ ರೋಗಿಗಳ ಮನೆಯವರನ್ನು ಪರೀಕ್ಷಿಸಲಾಯಿತು. ಲಸಿಕೆ ಇಲ್ಲದ ಮನೆಯವರಲ್ಲಿ ರೋಗ ಅಂಟಿದ್ದು 10ರಲ್ಲಿ ಒಬ್ಬರಿಗಿಂತಲೂ ಕಡಿಮೆ ಜನರಿಗೆ. ದಡಾರ ಹಾಗಲ್ಲ. ಅದರ ವೈರಸ್ ಗಾಳಿಯಲ್ಲಿ ತೇಲುತ್ತಿರುತ್ತದೆ. ರಕ್ಷಣೆ ಇಲ್ಲದ 10 ಜನ ದಡಾರದ ರೋಗಿಯ ಹತ್ತಿರವಿದ್ದರೆ 9 ಜನರಿಗೆ ಅದು ಬರಬಹುದು.

ಆದರೆ ಎಲ್ಲರಿಗೂ ದೂರವಿರಲು ಜಾಗವಿರುತ್ತದೆಯೇ? 2024ರಲ್ಲಿ ಪೂರ್ವ ಕಾಂಗೋದ ಗೋಮಾ ನಗರದ ಸುತ್ತ, ಯುದ್ಧದಿಂದ ಮನೆ ಬಿಟ್ಟು ಬಂದವರು ಡೇರೆಗಳಲ್ಲಿ ಒತ್ತೊತ್ತಾಗಿ ಮಲಗುತ್ತಿದ್ದರು. ನೀರು, ಸಾಬೂನು ಸಾಲದು. ಅಲ್ಲಿ ಎಂಪಾಕ್ಸ್ ಮಕ್ಕಳನ್ನೂ ಬಿಡಲಿಲ್ಲ. ಆ ವರ್ಷ ಆಗಸ್ಟಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ತುರ್ತು ಸ್ಥಿತಿಯನ್ನು ಘೋಷಿಸಿತು. 2025ರ ಸೆಪ್ಟೆಂಬರಿನಲ್ಲಿ ಅದನ್ನು ಹಿಂತೆಗೆದುಕೊಂಡಿತು. ರೋಗ ಮಾತ್ರ ಪೂರ್ತಿ ಹೋಗಿಲ್ಲ. ಭಾರತದಲ್ಲಿ ಮೊದಲ ರೋಗಿ ಪತ್ತೆಯಾದದ್ದು 2022ರ ಜುಲೈನಲ್ಲಿ, ಕೇರಳದಲ್ಲಿ.

ಮಾಡಿ ನೋಡಿ

ಬೇಕಾಗುವ ವಸ್ತುಗಳು: ಅರಿಶಿನ ಪುಡಿ, ನೀರು, ಬಿಳಿ ಕಾಗದ, ಸಾಬೂನು.

ನಾಲ್ವರು ಸೇರಿ. ಮೊದಲನೆಯವರು ಅಂಗೈಗೆ ಒದ್ದೆ ಅರಿಶಿನ ಹಚ್ಚಿಕೊಂಡು ಎರಡನೆಯವರ ಕೈ ಕುಲುಕಲಿ. ಎರಡನೆಯವರು ಮೂರನೆಯವರ ಕೈ ಕುಲುಕಲಿ. ನಾಲ್ಕನೆಯವರು ಯಾರನ್ನೂ ಮುಟ್ಟದೆ ಪಕ್ಕದಲ್ಲಿ ಕುಳಿತಿರಲಿ. ಈಗ ಎಲ್ಲರೂ ಕಾಗದದ ಮೇಲೆ ಅಂಗೈ ಒತ್ತಿ. ಯಾರ ಕಾಗದ ಬಿಳಿಯಾಗಿಯೇ ಉಳಿಯಿತು? ಬಳಿಕ ಸಾಬೂನಿನಿಂದ ಕೈ ತೊಳೆಯಿರಿ. ಸಾಬೂನು ಕ್ಷಾರೀಯವಾದ್ದರಿಂದ ಅರಿಶಿನ ಕೆಂಪಾಗುತ್ತದೆ. ಬೆರಳ ಸಂದಿ, ಉಗುರಿನ ಬದಿಯಲ್ಲಿ ಕೆಂಪು ಉಳಿದಿದೆಯೇ? ಅಲ್ಲಿ ಇನ್ನೂ ಚೆನ್ನಾಗಿ ಉಜ್ಜಬೇಕು.

ನೆನಪಿಡಿ, ಅರಿಶಿನ ಕೈಯಿಂದ ಕೈಗೆ ಹೋಗುತ್ತಾ ಕಡಿಮೆಯಾಗುತ್ತದೆ. ವೈರಸ್ ಹಾಗಲ್ಲ. ಗಾಯ, ಕಣ್ಣು, ಮೂಗು, ಬಾಯಿಗಳ ಮೂಲಕ ದೇಹವನ್ನು ಹೊಕ್ಕರೆ ಅಲ್ಲಿ ಹೆಚ್ಚುತ್ತದೆ.

ರೋಗಿಯನ್ನು ದೂರ ತಳ್ಳಬೇಕೆ?

ಬೇಡ. ರೋಗಿಗೆ ಆರೈಕೆ ಬೇಕು. ಬೇರೆ ಹಾಸಿಗೆ, ಬೇರೆ ಟವೆಲ್ ಕೊಡಬೇಕು. ಗುಳ್ಳೆಗಳನ್ನು ಬಟ್ಟೆಯಿಂದ ಮುಚ್ಚಬೇಕು. ಆರೈಕೆ ಮಾಡುವವರು ಮುಖಗವಸು, ಕೈಗವಸು ಹಾಕಿಕೊಂಡು, ಆಮೇಲೆ ಕೈ ತೊಳೆಯಬೇಕು. ಹಕ್ಕಳೆಗಳೆಲ್ಲ ಉದುರಿ ಹೊಸ ಚರ್ಮ ಬರುವವರೆಗೆ, ಎಂದರೆ ಸಾಮಾನ್ಯವಾಗಿ 2ರಿಂದ 4 ವಾರ, ಹೀಗೆ ಎಚ್ಚರಿಕೆ ವಹಿಸಬೇಕು. ರೋಗಿಯನ್ನು ಮುಟ್ಟಿದವರು 21 ದಿನ ತಮ್ಮ ಮೈಯನ್ನು ಗಮನಿಸುತ್ತಿರಬೇಕು. ಜ್ವರ, ಗುಳ್ಳೆ ಕಂಡರೆ ಕೂಡಲೇ ವೈದ್ಯರಿಗೆ ತೋರಿಸಬೇಕು. ಬೈಗುಳಕ್ಕೆ ಹೆದರಿ ಗುಳ್ಳೆಯನ್ನು ಮುಚ್ಚಿಟ್ಟುಕೊಂಡರೆ ರೋಗಕ್ಕೆ ದಾರಿ ತೆರೆದಂತೆಯೇ. ಚರ್ಮ ಮಾಗಿದ ಮೇಲೆ ಗೆಳೆಯನನ್ನು ಮೊದಲಿನಂತೆ ಪಕ್ಕದಲ್ಲೇ ಕೂರಿಸಿಕೊಳ್ಳಿ.

ಯೋಚಿಸಿ, ಉತ್ತರಿಸಿ

1. ಮಂಗನ ಕಾಯಿಲೆಗೂ ಎಂಪಾಕ್ಸ್‌ಗೂ ಹರಡುವ ದಾರಿಯಲ್ಲಿ ಏನು ವ್ಯತ್ಯಾಸ?
2. 1970ರ ಆ ಮನೆಯಲ್ಲಿ ಮಗುವಿಗೆ ಮಾತ್ರ ರೋಗ ಬಂದದ್ದು ಏಕಿರಬಹುದು?
3. ಒಂದೇ ಕೋಣೆಯ ಮನೆಯಲ್ಲಿ ರೋಗಿಯೊಬ್ಬರಿದ್ದರೆ ಯಾವ ಯಾವ ದಾರಿಗಳನ್ನು ಹೇಗೆ ಮುಚ್ಚುವಿರಿ?