ಆರೋಗ್ಯ ಪ್ರಶ್ನೋತ್ತರ: ರಾತ್ರಿಯಿಡೀ ಓಡುವ ಮನಸ್ಸು

ಪ್ರಶ್ನೆ: ನನಗೆ 43 ವರ್ಷ. ಕ್ಯಾಸನೂರಿನ ಹತ್ತಿರದ ಹಳ್ಳಿ. ಎರಡು ಎಕರೆ ಅಡಿಕೆ ತೋಟ, ನಾಲ್ಕು ದನ ಇವೆ. ಡಿಸೆಂಬರ್ ಬಂತೆಂದರೆ ನನಗೆ ಮಂಗನ ಕಾಯಿಲೆಯದೇ ಯೋಚನೆ. ಮಗ ಶಾಲೆಯಿಂದ ಬಂದ ಕೂಡಲೇ ಟಾರ್ಚ್ ಹಿಡಿದು ಕಿವಿ ಹಿಂದೆ, ಕಂಕುಳಲ್ಲಿ ಅದನ್ನು ಹರಡುವ ಉಣುಗು ಹುಡುಕುತ್ತೇನೆ. ಅವನು ಮಲಗಿದ ಮೇಲೆ ಎದ್ದು ಮತ್ತೆ ನೋಡುತ್ತೇನೆ. ದಿಂಬಿನ ಕೆಳಗೆ ಥರ್ಮಾಮೀಟರ್ ಇಟ್ಟುಕೊಂಡಿದ್ದೇನೆ. ರಾತ್ರಿ ಎರಡಕ್ಕೆ ಎಚ್ಚರವಾದರೆ ಯೋಚನೆ ಜ್ವರದಿಂದ ಶುರುವಾಗಿ ಆಸ್ಪತ್ರೆ, ಸಾಲ, ಮಗಳ ಮದುವೆ ಅಂತ ಬೆಳಗಿನವರೆಗೆ ಓಡುತ್ತದೆ. ಮೊದಲೆಲ್ಲ ಮಳೆ ಹಿಡಿದರೆ ಸರಿಹೋಗುತ್ತಿತ್ತು. ಈ ಸಲ ಮಳೆಗಾಲದಲ್ಲೂ ಕೊಳೆ ರೋಗ, ಎಲೆಚುಕ್ಕಿ ಅಂತ ಮುಂದುವರಿಯಿತು. ಮನೆಯವರು ‘ಯೋಚನೆ ಬಿಡು’ ಅನ್ನುತ್ತಾರೆ. ಬಿಡುವುದು ಹೇಗೆ?
– ಹೆಸರು ಬೇಡ, ಸೊರಬ ತಾಲ್ಲೂಕು

ಉತ್ತರ: ನಿಮ್ಮ ಭಯಕ್ಕೆ ಕಾರಣ ಇದೆ ಎಂಬುದನ್ನು ಮೊದಲು ಒಪ್ಪುತ್ತೇನೆ. 1957ರಲ್ಲಿ ನಿಮ್ಮ ಹತ್ತಿರದ ಕ್ಯಾಸನೂರಿನ ಕಾಡಿನಲ್ಲೇ ಮಂಗಗಳು ಸತ್ತು ಬಿದ್ದವು, ಸುತ್ತಲಿನ ಜನರಿಗೆ ಜ್ವರ ಬಂತು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದು ವೈರಾಣುವನ್ನು ಗುರುತಿಸಿದರು. ಅಂದಿನಿಂದ ಜಗತ್ತಿನ ವೈದ್ಯ ಪುಸ್ತಕಗಳಲ್ಲಿ ಆ ರೋಗಕ್ಕೆ ಕ್ಯಾಸನೂರಿನದೇ ಹೆಸರು. ಇಂಥ ಹೆಸರು ಹೊತ್ತ ಸೀಮೆಯಲ್ಲಿ ಬೆಳೆದವರಿಗೆ ಚಳಿಗಾಲದ ಭಯ ಅಜ್ಜಿಯ ಕಾಲದಿಂದ ಬಂದದ್ದು. ಮೊದಲು ಕೊಡುತ್ತಿದ್ದ ಲಸಿಕೆಯೂ 2022ರಲ್ಲಿ ನಿಂತಿದೆ. ಹಾಗಾಗಿ ಹೆದರಬೇಡಿ ಎಂದು ನಾನು ಹೇಳುವುದಿಲ್ಲ.

ನಾನು ಹೇಳುವುದು ಒಂದೇ ಮಾತು: ಎಚ್ಚರ ಬೇರೆ, ಚಿಂತೆ ಬೇರೆ. ಎಚ್ಚರಕ್ಕೆ ಮಾಡಲು ಒಂದು ಕೆಲಸ ಇರುತ್ತದೆ, ಆ ಕೆಲಸ ಮುಗಿದರೆ ಎಚ್ಚರದ ಪಾಲೂ ಮುಗಿಯಿತು. ಸೊಪ್ಪಿಗೆ, ದರಗಿಗೆ ಹೋಗುವ ಮುಂಚೆ ಉಣುಗು ಹತ್ತದಂತೆ ಡೆಪಾ ತೈಲ ಹಚ್ಚಿಕೊಳ್ಳುವುದು, ಮೈತುಂಬ ಬಟ್ಟೆ ತೊಡುವುದು, ಬಂದ ಮೇಲೆ ಬಿಸಿನೀರಿನ ಸ್ನಾನ ಮಾಡಿ ಬಟ್ಟೆ ಒಗೆಯುವುದು, ಸತ್ತ ಮಂಗ ಕಂಡರೆ ಮುಟ್ಟದೆ ಆರೋಗ್ಯ ಸಿಬ್ಬಂದಿಗೆ ತಿಳಿಸುವುದು ಎಚ್ಚರ. ರಾತ್ರಿ ಎರಡು ಗಂಟೆಯ ಯೋಚನೆಗೆ ಇಂಥ ಕೆಲಸವೇ ಇಲ್ಲ. ಆದ್ದರಿಂದ ಅದು ಮುಗಿಯುವುದೂ ಇಲ್ಲ.

‘ಯೋಚನೆ ಬಿಡು’ ಎನ್ನುವುದು ಒಳ್ಳೆಯ ಮನಸ್ಸಿನ ಮಾತು, ಆದರೆ ಅದರಿಂದ ಉಪಯೋಗವಿಲ್ಲ. ಔಷಧಿ ಕುಡಿಯುವಾಗ ಮಂಗನನ್ನು ನೆನೆಯಬೇಡ ಎಂದ ಪಂಡಿತನ ಕಥೆ ನಿಮಗೆ ಗೊತ್ತಿರುತ್ತದೆ. ಲೋಟ ಎತ್ತಿದಾಗಲೆಲ್ಲ ಮಂಗವೇ ಕಣ್ಣ ಮುಂದೆ! ಅಮೆರಿಕದ ಮನಶ್ಶಾಸ್ತ್ರಜ್ಞ ಡೇನಿಯಲ್ ವೆಗ್ನರ್ 1987ರಲ್ಲಿ ಇದನ್ನೇ ಪ್ರಯೋಗ ಮಾಡಿ ನೋಡಿದರು. ಬಿಳಿ ಕರಡಿಯನ್ನು ನೆನೆಯಬೇಡಿ, ನೆನಪಾದರೆ ಗಂಟೆ ಬಾರಿಸಿ ಎಂದರು. ಗಂಟೆ ಬಾರಿಸುತ್ತಲೇ ಹೋಯಿತು. ಆಮೇಲೆ ಕರಡಿಯನ್ನು ನೆನೆಯಬಹುದು ಎಂದು ಬಿಟ್ಟಾಗ, ಮೊದಲು ತಡೆದುಕೊಂಡಿದ್ದವರಿಗೇ ಅದು ಹೆಚ್ಚು ನೆನಪಾಯಿತು. ಯೋಚನೆಯನ್ನು ಒತ್ತಿ ಹಿಡಿದರೆ ಅದು ಇಮ್ಮಡಿಯಾಗಿ ಮೇಲೇಳುತ್ತದೆ. ಆದ್ದರಿಂದ ನಿಲ್ಲಿಸುವುದಕ್ಕಿಂತ ಮೊದಲು ನೋಡುವುದನ್ನು ಕಲಿಯಬೇಕು.

ಅದಕ್ಕೆ ಮಗನ ಹಳೆಯ ನೋಟ್‌ಬುಕ್ ಒಂದು ಸಾಕು. ಒಂದು ವಾರ, ಯೋಚನೆ ಓಡಿದಾಗಲೆಲ್ಲ ಅದು ಹೋದ ದಾರಿಯನ್ನು ಬಂದ ಮಾತಿನಲ್ಲೇ ಬರೆಯಿರಿ. ನನ್ನ ಬಳಿ ಬರುವವರು ಬರೆದದ್ದು ಹೆಚ್ಚುಕಡಿಮೆ ಹೀಗಿರುತ್ತದೆ: ‘ಮಗ ಊಟ ಅರ್ಧಕ್ಕೆ ಬಿಟ್ಟ. ಮೈ ಬಿಸಿ ಇರಬಹುದಾ? ಅಕಸ್ಮಾತ್ ಅದೇ ಜ್ವರ ಆಗಿಬಿಟ್ಟರೆ? ಶಿವಮೊಗ್ಗಕ್ಕೆ ಕರೆದೊಯ್ಯಬೇಕು. ದುಡ್ಡು? ನಾನು ಸರಿಯಾಗಿ ನೋಡಿಕೊಳ್ಳಲಿಲ್ಲ.’ ಇದರಲ್ಲಿ ಕಣ್ಣಿಗೆ ಕಂಡದ್ದು ಮೊದಲ ಸಾಲು ಮಾತ್ರ. ಉಳಿದದ್ದೆಲ್ಲ ‘ಅಕಸ್ಮಾತ್’ ಎಂಬ ಪದದ ಬೆನ್ನು ಹತ್ತಿ ಬಂದದ್ದು. ನಾಲ್ಕೈದು ದಿನ ಬರೆದರೆ ನಿಮ್ಮ ಮನಸ್ಸು ಹಿಡಿಯುವ ದಾರಿ ಒಂದೋ ಎರಡೋ ಅಷ್ಟೇ ಎಂದು ಕಾಣುತ್ತದೆ. ದನಗಳು ದಿನಾ ತುಳಿದು ಮಾಡಿದ ಕಾಲುಹಾದಿಯ ಹಾಗೆ. ಆಮೇಲೆ ರಾತ್ರಿ ಅದು ಶುರುವಾದಾಗ, ‘ಇದೋ, ಅಕಸ್ಮಾತ್ ಬಂತು’ ಎಂದು ಮನಸ್ಸಿನಲ್ಲೇ ಹೆಸರಿಟ್ಟು ಗುರುತಿಸಿ. ವಾದ ಮಾಡಬೇಡಿ, ಬೈದುಕೊಳ್ಳಲೂ ಬೇಡಿ.

ಇನ್ನೊಂದು: ಚಿಂತೆಗೆ ಹೊತ್ತು ಗೊತ್ತು ಮಾಡಿ. ಅಮೆರಿಕದ ಥಾಮಸ್ ಬೋರ್ಕೊವೆಕ್ ಮತ್ತು ಜೊತೆಗಾರರು 1983ರಲ್ಲಿ ಪರೀಕ್ಷಿಸಿದ ಉಪಾಯ ಇದು, ನಾವು ಈಗಲೂ ಬಳಸುತ್ತೇವೆ. ಕೊಟ್ಟಿಗೆ ಕೆಲಸ ಮುಗಿದ ಮೇಲೆ ಜಗಲಿಯಲ್ಲಿ ದಿನಾ ಒಂದೇ ಜಾಗ, ಒಂದೇ ವೇಳೆ, ಅರ್ಧ ಗಂಟೆ. ಆಗ ನೋಟ್‌ಬುಕ್ ಬಿಡಿಸಿ ಬೇಕಾದಷ್ಟು ಚಿಂತಿಸಿ. ಪ್ರತಿ ಸಾಲಿಗೂ ‘ನಾಳೆ ಇದಕ್ಕೆ ನಾನು ಮಾಡಬಹುದಾದ ಕೆಲಸ ಏನು?’ ಎಂದು ಕೇಳಿಕೊಳ್ಳಿ. ಇದ್ದರೆ ಬರೆದುಕೊಳ್ಳಿ, ಇಲ್ಲದಿದ್ದರೆ ಸಾಲು ಹೊಡೆದು ಹಾಕಿ. ಬೇರೆ ಹೊತ್ತಿನಲ್ಲಿ ಯೋಚನೆ ಬಂದರೆ ‘ಸಂಜೆ ನೋಡೋಣ’ ಎಂದು ಮುಂದಕ್ಕೆ ಹಾಕಿ. ಮಲಗುವ ಹೊತ್ತಿಗೆ ಹತ್ತಿರ ಇದನ್ನು ಇಟ್ಟುಕೊಳ್ಳಬೇಡಿ.

ಈಗ ಟಾರ್ಚ್ ವಿಷಯ. ಮರಿ ಉಣುಗು ಎಳ್ಳಿನ ಕಾಳಿಗಿಂತ ದೊಡ್ಡದಿರುವುದಿಲ್ಲ, ಹಾಗಾಗಿ ಹುಡುಕುವುದು ತಪ್ಪಲ್ಲ. ಆದರೆ ದಿನಕ್ಕೆ ಒಂದು ಸಲ, ಸ್ನಾನದ ಹೊತ್ತಿಗೆ, ಬೆಳಕಿನಲ್ಲಿ ನೆತ್ತಿಯಿಂದ ಕಾಲಿನವರೆಗೆ ಸರಿಯಾಗಿ ನೋಡಿ, ಅಲ್ಲಿಗೆ ಮುಗಿಸಿ. ಎರಡನೇ ಸಲ ನೋಡಿದಾಗ ಸಿಗುವ ಸಮಾಧಾನ ಕಾಲು ಗಂಟೆ ಇರುತ್ತದೆ, ಆಮೇಲೆ ಮನಸ್ಸು ಮೂರನೇ ಸಲ ನೋಡು ಎನ್ನುತ್ತದೆ. ಚಿಂತೆಗೆ ನಾವೇ ಹಾಕುವ ಮೇವು ಅದು. ಥರ್ಮಾಮೀಟರನ್ನು ಇವತ್ತೇ ಅಡುಗೆಮನೆಯ ಕಪಾಟಿಗೆ ಸೇರಿಸಿ. ಮೊದಲ ಮೂರ್ನಾಲ್ಕು ರಾತ್ರಿ ಕೈ ಚಡಪಡಿಸುತ್ತದೆ. ತಡೆದುಕೊಳ್ಳಿ, ಇಳಿಯುತ್ತದೆ.

ನಿಜವಾಗಿ ಜ್ವರ ಬಂದರೆ ಏನು ಮಾಡಬೇಕು ಎಂಬುದನ್ನು ಮೊದಲೇ ಗೋಡೆಗೆ ಬರೆದು ಅಂಟಿಸಿ. ಡಿಸೆಂಬರಿನಿಂದ ಮೇವರೆಗಿನ ದಿನಗಳಲ್ಲಿ ಇದ್ದಕ್ಕಿದ್ದಂತೆ ಜೋರು ಜ್ವರ, ತಲೆನೋವು, ಮೈಕೈ ನೋವು ಬಂದರೆ ಅದೇ ದಿನ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ ರಕ್ತ ಪರೀಕ್ಷೆ. ಪ್ಯಾರಾಸಿಟಮಾಲ್ ಬಿಟ್ಟು ಬೇರೆ ನೋವಿನ ಮಾತ್ರೆಯನ್ನು ಅಂಗಡಿಯಿಂದ ತಂದು ನುಂಗುವುದು ಬೇಡ, ರಕ್ತಸ್ರಾವದ ಅಪಾಯ ಇದೆ. ಈ ರೋಗ ಮನುಷ್ಯರಿಂದ ಮನುಷ್ಯರಿಗೆ ಹರಡುವುದಿಲ್ಲ. ಬಂದವರಲ್ಲಿ ನೂರಕ್ಕೆ ಮೂರರಿಂದ ಐದು ಮಂದಿ ತೀರಿಕೊಳ್ಳುತ್ತಾರೆ, ಉಳಿದವರು ಚೇತರಿಸಿಕೊಳ್ಳುತ್ತಾರೆ. ನಡುರಾತ್ರಿಯ ಮನಸ್ಸಿಗೆ ಈ ಲೆಕ್ಕ ನೆನಪಿರುವುದಿಲ್ಲ, ಅದಕ್ಕೇ ಗೋಡೆಯ ಮೇಲೆ ಇರಲಿ.

ಎಚ್ಚರವಾದಾಗ ಇಪ್ಪತ್ತು ನಿಮಿಷದಲ್ಲಿ ನಿದ್ದೆ ಬರದಿದ್ದರೆ ಹಾಸಿಗೆಯಲ್ಲಿ ಹೊರಳಾಡಬೇಡಿ. ಎದ್ದು ಮಂದ ಬೆಳಕಿನಲ್ಲಿ ಏನಾದರೂ ಸಣ್ಣ ಕೆಲಸ ಮಾಡಿ, ಬತ್ತಿ ಹೊಸೆಯುವುದಾದರೂ ಸರಿ. ತೂಕಡಿಕೆ ಬಂದ ಮೇಲೆ ಮಲಗಿ. ಮಧ್ಯಾಹ್ನದ ನಂತರ ಚಹಾ, ಕಾಫಿ ಬೇಡ. ಅಡಿಕೆ ಸುಲಿಯುವ ಸೀಸನ್ನಿನಲ್ಲಿ ಸಂಜೆಯೆಲ್ಲ ಕವಳ ಹಾಕುವ ರೂಢಿ ಇದೆಯೇ? ಅಡಿಕೆ ನರಗಳನ್ನು ಕೆಣಕುತ್ತದೆ, ಹೊಗೆಸೊಪ್ಪು ಸೇರಿದರೆ ಇನ್ನೂ ಹೆಚ್ಚು. ಅಡಿಕೆಯಿಂದಲೇ ಬದುಕು ನಡೆಯುವ ಸೀಮೆಗೆ ಈ ಮಾತು ಹೇಳುವುದು ಕಷ್ಟ, ಆದರೆ ಬಾಯಿ ಕ್ಯಾನ್ಸರನ್ನೂ ನೋಡಿದವನು ನಾನು, ಹೇಳಲೇಬೇಕು.

ನಿಮ್ಮ ಪತ್ರದಲ್ಲಿ ನನಗೆ ಮುಖ್ಯವಾಗಿ ಕಂಡದ್ದು, ಈ ಸಲ ಮಳೆಗಾಲದಲ್ಲೂ ನಿಲ್ಲಲಿಲ್ಲ ಎಂಬ ಮಾತು. ಆರು ತಿಂಗಳಿಗಿಂತ ಹೆಚ್ಚು ಕಾಲ, ಹೆಚ್ಚಿನ ದಿನಗಳಲ್ಲಿ ತಡೆಯಲಾಗದ ಚಿಂತೆ, ನಿದ್ದೆಗೇಡು, ಸುಸ್ತು ಇದ್ದರೆ ಅದು ಚಿಕಿತ್ಸೆ ಇರುವ ಆತಂಕದ ಕಾಯಿಲೆ. ಥೈರಾಯ್ಡ್, ಹಿಮೋಗ್ಲೋಬಿನ್ ಪರೀಕ್ಷೆಯನ್ನೂ ಮಾಡಿಸಿ. ಮುಟ್ಟು ಏರುಪೇರಾಗಿದ್ದರೆ ವೈದ್ಯರಿಗೆ ತಿಳಿಸಿ, ನಿಮ್ಮ ವಯಸ್ಸಿನಲ್ಲಿ ಅದೂ ನಿದ್ದೆ ಕೆಡಿಸುತ್ತದೆ.

ಪ್ರಶ್ನೆ: ಡಿಗ್ರಿ ಓದುತ್ತಿದ್ದೇನೆ. ಧ್ಯಾನಕ್ಕೆ ಕೂತರೆ ಯೋಚನೆ ಕಡಿಮೆಯಾಗುವ ಬದಲು ಜಾಸ್ತಿಯಾಗುತ್ತದೆ. ನನ್ನಲ್ಲೇ ದೋಷ ಇದೆಯೇ?
– ವಿದ್ಯಾರ್ಥಿ, ಶಿಕಾರಿಪುರ

ಉತ್ತರ: ದೋಷ ಇಲ್ಲ. ಜಾಸ್ತಿಯಾದದ್ದಲ್ಲ, ಮೊದಲ ಸಲ ಕಾಣಿಸಿದ್ದು. ಬಸವಣ್ಣನವರೇ ತಮ್ಮ ಮನಸ್ಸನ್ನು ಕೊಂಬೆಯ ಮೇಲಿನ ಮಂಗಕ್ಕೆ ಹೋಲಿಸಿಕೊಂಡಿದ್ದಾರೆ. ಐದು ನಿಮಿಷದಿಂದ ಶುರು ಮಾಡಿ. ಉಸಿರನ್ನು ಒಳಗೆ ಎಳೆದದ್ದಕ್ಕಿಂತ ನಿಧಾನವಾಗಿ ಹೊರಗೆ ಬಿಡಿ. ಮನಸ್ಸು ಹೋಗಿದೆ ಎಂದು ಗೊತ್ತಾದಾಗ ಉಸಿರಿಗೆ ಮರಳಿ, ಅಭ್ಯಾಸ ಎಂದರೆ ಅದೇ. ಕಣ್ಣು ಮುಚ್ಚಿದರೆ ಎದೆ ಬಡಿತ ಏರಿ ದಿಗಿಲಾಗುತ್ತಿದ್ದರೆ ಕೂರುವುದು ಬೇಡ, ಕೆರೆ ಏರಿಯ ಮೇಲೆ ಅರ್ಧ ಗಂಟೆ ಬಿರುಸಾಗಿ ನಡೆಯಿರಿ, ಹೆಜ್ಜೆಯ ಮೇಲೆ ಗಮನ ಇಡಿ. ಮೊಬೈಲ್ ಮನೆಯಲ್ಲಿರಲಿ.

ಪ್ರಶ್ನೆ: ಹೆಂಡತಿಗೆ ಆತಂಕ ಎಂದು ಮಾತ್ರೆ ಬರೆದುಕೊಟ್ಟಿದ್ದಾರೆ. ಶುರು ಮಾಡಿದರೆ ಜೀವನಪೂರ್ತಿ ನುಂಗಬೇಕಂತೆ, ಹೌದೇ?
– ಆನವಟ್ಟಿ

ಉತ್ತರ: ಅಲ್ಲ. ಆತಂಕಕ್ಕೆ ಮೊದಲು ಕೊಡುವ ಮಾತ್ರೆಗಳು ಚಟ ಹಿಡಿಸುವುದಿಲ್ಲ. ಗುಣ ಕಾಣಲು ಎರಡರಿಂದ ನಾಲ್ಕು ವಾರ, ಕೆಲವರಿಗೆ ಇನ್ನೂ ಹೆಚ್ಚು ಬೇಕು. ಗುಣವಾದ ಮೇಲೂ ಆರು ತಿಂಗಳಿಂದ ಒಂದು ವರ್ಷ ಮುಂದುವರಿಸಿ, ವೈದ್ಯರ ಸಲಹೆಯಂತೆ ನಿಧಾನವಾಗಿ ಇಳಿಸುತ್ತಾರೆ. ಚಟ ಹಿಡಿಸುವುದು ಅಂಗಡಿಯಲ್ಲಿ ಕೇಳಿ ತಂದು ತಿಂಗಳುಗಟ್ಟಲೆ ನುಂಗುವ ನಿದ್ದೆ ಮಾತ್ರೆ. ಅದನ್ನು ಮಾಡಬೇಡಿ.

ನೀವು ಮೂವರೂ ದೂರ ಹೋಗಬೇಕಾಗಿಲ್ಲ. ಮನೋಚೈತನ್ಯ ಕಾರ್ಯಕ್ರಮದಲ್ಲಿ ಮನೋವೈದ್ಯರು ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗೆ ಬರುತ್ತಾರೆ, ನಿಮ್ಮಲ್ಲಿಗೆ ಯಾವ ಮಂಗಳವಾರ ಎಂದು ಆಶಾ ಕಾರ್ಯಕರ್ತೆಯನ್ನು ಕೇಳಿ. ಅದಕ್ಕೂ ಮುಂಚೆ ಮಾತಾಡಬೇಕೆನಿಸಿದರೆ ಟೆಲಿ ಮಾನಸ್ ಸಹಾಯವಾಣಿ 14416 ಇದೆ. ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೇ ಮಾತಾಡಬಹುದು, ರಾತ್ರಿ ಎರಡು ಗಂಟೆಗೂ.