ಕಾಳಿಗೆ ಇಳಿಯುವ ಮುನ್ನ

ಏಪ್ರಿಲ್ ಬಿಸಿಲಿಗೆ ಸುತ್ತಲಿನ ಹಳ್ಳಗಳೆಲ್ಲ ಬತ್ತಿ ಕಲ್ಲು ಕಾಣುವಾಗಲೂ ಉತ್ತರ ಕನ್ನಡದ ಗಣೇಶಗುಡಿಯಲ್ಲಿ ಕಾಳಿ ನದಿ ನೊರೆಯುಕ್ಕಿಸಿ ಹರಿಯುತ್ತಿರುತ್ತದೆ. ಆ ನೀರು ಮಳೆಯ ಲೆಕ್ಕದ್ದಲ್ಲ. ಮೇಲುಗಡೆ 101 ಮೀಟರ್ ಎತ್ತರದ ಸೂಪಾ ಅಣೆಕಟ್ಟಿದೆ. ಅದರ ವಿದ್ಯುದಾಗಾರದಲ್ಲಿ ಯಂತ್ರ ತಿರುಗಿದರೆ ಹೊಳೆ ತುಂಬುತ್ತದೆ, ನಿಂತರೆ ಬಂಡೆಗಳು ಮೇಲೇಳುತ್ತವೆ.

ಹಾಗಾಗಿ ದಾಂಡೇಲಿ ಕಡೆ ರಾಫ್ಟಿಂಗ್‌ಗೆ ಹೊರಡುವವರು ರೂಮ್ ಬುಕ್ ಮಾಡುವ ಮೊದಲೇ ನೀರಿನ ವಿಚಾರ ಕೇಳಿಕೊಳ್ಳಬೇಕು. ಮಳೆಗಾಲದಲ್ಲಿ ರಾಫ್ಟಿಂಗ್ ಇರುವುದಿಲ್ಲ. ಸಾಮಾನ್ಯವಾಗಿ ನವೆಂಬರ್‌ನಿಂದ ಮೇವರೆಗೆ ಅದರ ಕಾಲ. ಅನುಮತಿ ಇರುವ ಸಂಸ್ಥೆಗೆ ಹಿಂದಿನ ದಿನವೇ ಫೋನ್ ಮಾಡಿ, ನೀರು ಎಷ್ಟು ಹೊತ್ತಿಗೆ ಬಿಡುತ್ತಾರೆ, ಎಷ್ಟು ದೂರ ಕರೆದೊಯ್ಯುತ್ತಾರೆ, ಒಂದು ರಾಫ್ಟ್‌ಗೆ ಎಷ್ಟು ಜನ ಎಂದು ಕೇಳಬೇಕು. ಮಕ್ಕಳಿದ್ದರೆ ವಯಸ್ಸಿನ ಮಿತಿಯನ್ನೂ ಕೇಳುವುದು ಒಳ್ಳೆಯದು.

ಹುಬ್ಬಳ್ಳಿಯಿಂದ ದಾಂಡೇಲಿಗೆ ಸುಮಾರು 75 ಕಿ.ಮೀ., ಅಲ್ಲಿಂದ ಗಣೇಶಗುಡಿಗೆ ಮತ್ತೆ ಸುಮಾರು 25. ಕಾಡಿನ ರಸ್ತೆ; ಬೆಳಕಿರುವಾಗಲೇ ತಲುಪುವುದು ಲೇಸು.

ದಡದಲ್ಲಿ ಹೇಳಿಕೊಡುವ ಹತ್ತು ನಿಮಿಷದ ಪಾಠವನ್ನು ಸೆಲ್ಫಿಯಲ್ಲಿ ಕಳೆಯುವವರನ್ನು ಕಂಡರೆ ಗಾಬರಿಯಾಗುತ್ತದೆ. ಲೈಫ್ ಜಾಕೆಟ್ ಹಾಕಿಕೊಂಡ ಮೇಲೆ ಭುಜದ ಪಟ್ಟಿಯನ್ನು ಯಾರಾದರೂ ಮೇಲಕ್ಕೆಳೆದು ನೋಡಬೇಕು. ಅದು ಗಲ್ಲಕ್ಕೆ ಬಂದರೆ ಸಡಿಲವಿದೆ ಎಂದರ್ಥ. ಹುಟ್ಟಿನ ತುದಿಯ ಹಿಡಿಯನ್ನು ಅಂಗೈಯಿಂದ ಬಿಡಬಾರದು; ಬಿಟ್ಟರೆ ಅದು ಪಕ್ಕದವರ ಹಲ್ಲಿಗೆ ಬಡಿಯುತ್ತದೆ. ನೀರಿಗೆ ಬಿದ್ದವರು ಅಂಗಾತ ತೇಲುತ್ತ, ಕಾಲುಗಳನ್ನು ನೀರು ಹರಿಯುವ ದಿಕ್ಕಿಗೆ ಮೇಲೆತ್ತಿ ಇಟ್ಟುಕೊಳ್ಳಬೇಕು. ಸೆಳವಿನಲ್ಲಿ ಎದ್ದು ನಿಲ್ಲಲು ಹೋಗುವುದು ಎಲ್ಲಕ್ಕಿಂತ ದೊಡ್ಡ ತಪ್ಪು. ಬಂಡೆ ಸಂದಿಯಲ್ಲಿ ಪಾದ ಸಿಕ್ಕಿಬಿದ್ದರೆ ಸೊಂಟದಷ್ಟು ನೀರೂ ಮನುಷ್ಯನನ್ನು ಮುಳುಗಿಸಬಲ್ಲದು. ರಕ್ಷಣೆಗೆ ಎಸೆದ ಹಗ್ಗವನ್ನು ಕೈಗೆ ಸುತ್ತಿಕೊಳ್ಳದೆ ಎದೆಗೆ ಒತ್ತಿ ಹಿಡಿಯಬೇಕು.

ನದಿ ನಡುವಿನ ಬಂಡೆಯ ಮೇಲೆ ಬುತ್ತಿ ಬಿಚ್ಚುವುದು ಬೇಡ. ನೀರು ಬಿಟ್ಟಾಗ ಹೊಳೆ ನೋಡನೋಡುತ್ತಲೇ ಏರುತ್ತದೆ. ಇನ್ನು ದಾಂಡೇಲಿ ಪಟ್ಟಣದ ಬಳಿ ತಣ್ಣಗೆ ನಿಂತಂತೆ ಕಾಣುವ ನೀರಿನಲ್ಲಿ ಮೊಸಳೆಗಳಿವೆ. ಅಲ್ಲಿ ಸ್ನಾನದ ಮಾತೇ ಇಲ್ಲ.

ಚೀಲಕ್ಕೆ ಬೇಗ ಒಣಗುವ ಬಟ್ಟೆ, ಹಿಂದೆ ಪಟ್ಟಿಯಿರುವ ಚಪ್ಪಲಿ, ಒಂದು ಜೊತೆ ಒಣ ಉಡುಪು ಸಾಕು. ಬೇಸಿಗೆಯಲ್ಲಿ ಕಾಡಿನೊಳಗೆ ನಡೆಯುವುದಿದ್ದರೆ ಉಣುಗು ಕಚ್ಚದಂತೆ ತುಂಬುತೋಳಿನ ಅಂಗಿ, ಉದ್ದ ಪ್ಯಾಂಟ್ ಇರಲಿ; ಮಂಗನ ಕಾಯಿಲೆ ಹರಡುವುದು ಮುಖ್ಯವಾಗಿ ಉಣುಗಿನಿಂದ. ಇದು ಕಾಳಿ ಹುಲಿ ಸಂರಕ್ಷಿತ ಪ್ರದೇಶದ ನೆರೆ. ಒಯ್ದ ಪ್ಲಾಸ್ಟಿಕ್ ಅಷ್ಟನ್ನೂ ವಾಪಸ್ ತರಬೇಕು.

ಸಾಧ್ಯವಾದರೆ ಒಂದು ರಾತ್ರಿ ಹೆಚ್ಚು ಉಳಿಯಬೇಕು. ಇಲ್ಲಿ ನಾಲ್ಕು ಬಗೆಯ ಮಂಗಟ್ಟೆ ಹಕ್ಕಿಗಳಿವೆ. ಹಣ್ಣು ಬಿಟ್ಟ ಆಲ, ಅತ್ತಿ ಮರ ಎಲ್ಲಿದೆಯೆಂದು ಸ್ಥಳೀಯ ಗೈಡ್‌ಗೆ ಗೊತ್ತಿರುತ್ತದೆ. ಬೆಳಕು ಹರಿಯುವ ಹೊತ್ತಿಗೆ ಆ ಮರದಡಿ ಸದ್ದಿಲ್ಲದೆ ಕೂತರೆ, ಹಕ್ಕಿ ಕಣ್ಣಿಗೆ ಬೀಳುವ ಮೊದಲೇ ಅದರ ರೆಕ್ಕೆಯ ಬುಸುಗುಡುವ ಸದ್ದು ಕೇಳಿಸುತ್ತದೆ.