ಮನಃಶಾಸ್ತ್ರ ಓದಬೇಕೆಂದಿರುವವರಿಗೆ

2024ರ ಜುಲೈ 30ರ ನಸುಕಿನಲ್ಲಿ ವಯನಾಡಿನ ಮುಂಡಕ್ಕೈ, ಚೂರಲ್‌ಮಲದ ಮೇಲೆ ಗುಡ್ಡ ಜರಿಯಿತು. ಸತ್ತವರಲ್ಲಿ ಚಾಮರಾಜನಗರ, ಮಂಡ್ಯ ಮೂಲದ ಕನ್ನಡಿಗರೂ ಇದ್ದರು. ಪರಿಹಾರ ಶಿಬಿರಗಳಿಗೆ ಅಕ್ಕಿ, ಬಟ್ಟೆಯ ಜೊತೆ ಆಪ್ತಸಮಾಲೋಚಕರೂ ಹೋದರು. ‘ಸೈಕಾಲಜಿ ಓದಿದರೆ ಏನು ಕೆಲಸ ಸಿಗುತ್ತೆ?’ ಎಂದು ಕೇಳುವ, ಕೇರಳ-ಕರ್ನಾಟಕ ಗಡಿಯ ಬತ್ತೇರಿ, ಗುಂಡ್ಲುಪೇಟೆ ಕಡೆಯ ಮಕ್ಕಳಿಗೆ ನಾನು ಮೊದಲು ಹೇಳುವುದು ಆ ಶಿಬಿರಗಳ ಮಾತನ್ನೇ. ಮಳೆ ಸದ್ದಿಗೆ ಬೆಚ್ಚಿಬೀಳುವ ಮಗುವಿನ ಪಕ್ಕ ಕೂತು, ಅದು ತಾನಾಗಿ ಬಾಯಿಬಿಡುವವರೆಗೂ ಕಾಯುವುದನ್ನು ಕಲಿತೇ ಮಾಡಬೇಕು.

ಆದರೆ ಬಿಎ, ಬಿಎಸ್ಸಿ ಮುಗಿದ ಕೂಡಲೇ ಚಿಕಿತ್ಸೆಗೆ ಕೂರುವಂತಿಲ್ಲ. ಕ್ಲಿನಿಕಲ್ ಸೈಕಾಲಜಿಸ್ಟ್ ಆಗಲು ಭಾರತೀಯ ಪುನರ್ವಸತಿ ಪರಿಷತ್ತಿನ ಮನ್ನಣೆ ಇರುವ ತರಬೇತಿ ಮತ್ತು ಅಲ್ಲಿ ನೋಂದಣಿ, ಎರಡೂ ಬೇಕು. ಬೆಂಗಳೂರಿನ ನಿಮ್ಹಾನ್ಸ್‌ನಂಥ ಕಡೆ ಸೀಟು ಕಡಿಮೆ, ಪೈಪೋಟಿ ಜಾಸ್ತಿ. ಇದಕ್ಕೆಲ್ಲ ಹಿಡಿಯುವ ವರ್ಷಗಳ ಲೆಕ್ಕವನ್ನು ಮನೆಯವರಿಗೆ ಮೊದಲೇ ಹೇಳಿಬಿಡಿ. ಔಷಧಿ ಬರೆಯುವ ಆಸೆ ಇದ್ದರೆ ದಾರಿಯೇ ಬೇರೆ: ಮನೋವೈದ್ಯರಾಗಲು ಎಂಬಿಬಿಎಸ್ ಓದಲೇಬೇಕು.

ಶಾಲೆಯಲ್ಲಿ ಸಮಾಲೋಚನೆ, ಕಂಪನಿಯ ಎಚ್‌ಆರ್, ಬೋಧನೆ, ಸಂಶೋಧನೆ ಇದ್ದೇ ಇವೆ. ಮೈಸೂರು ವಿಶ್ವವಿದ್ಯಾಲಯದ ಮನಃಶಾಸ್ತ್ರ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ 1935ರಲ್ಲಿ ತಮ್ಮ ಮನೆಯಲ್ಲೇ ಬಾನುಲಿ ಕೇಂದ್ರ ತೆರೆದರು! ಓದಿದ ವಿಷಯ ಅವರನ್ನು ಒಂದೇ ಕಡೆ ಕಟ್ಟಿಹಾಕಲಿಲ್ಲ.

ಗಡಿ ಭಾಗದವರು ಕನ್ನಡ, ಮಲಯಾಳ ಎರಡನ್ನೂ ಗಟ್ಟಿ ಮಾಡಿಕೊಳ್ಳಿ. 2022ರಲ್ಲಿ ಶುರುವಾದ ಮಾನಸಿಕ ಆರೋಗ್ಯದ ಟೆಲಿ-ಮಾನಸ್ ಸಹಾಯವಾಣಿಗೆ (14416) ಕರೆ ಮಾಡುವವರು ತಮ್ಮ ಮಾತಿನಲ್ಲೇ ನೋವು ಹೇಳಿಕೊಳ್ಳುತ್ತಾರೆ. ಇನ್ನೊಂದು, ಈ ಓದಿನಲ್ಲಿ ಸಂಖ್ಯಾಶಾಸ್ತ್ರವೂ ಬರುತ್ತದೆ. ಗಣಿತ ತಪ್ಪಿಸಿಕೊಳ್ಳಲೆಂದು ಮಾತ್ರ ಸೇರಬೇಡಿ.